ಬಂಡೀಪುರದ ಸುತ್ತ ಒಂದು ಗೆರೆ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಹಂಗಳಕ್ಕೆ ಬಂದರೆ ಬಲಗಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಎದ್ದು ನಿಲ್ಲುತ್ತದೆ. ತಪ್ಪಲಿನ ಹೊಲಗಳಲ್ಲಿ ಚೆಂಡುಹೂ, ಸೂರ್ಯಕಾಂತಿ, ಅರಿಸಿನ. ಈ ಸೀಮೆಯ ಕಾಡಿನ ರಕ್ಷಣೆಗೆ ದೊಡ್ಡ ಇತಿಹಾಸವಿದೆ. 1931ರಲ್ಲಿ ಮೈಸೂರಿನ ಮಹಾರಾಜರು 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯವೆಂದು ಕಾಯ್ದಿಟ್ಟರು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಆದರೆ ಅರಣ್ಯ ಇಲಾಖೆಯ ಗಡಿಕಲ್ಲು ದಾಟಿದ ಕೂಡಲೇ ಆ ರಕ್ಷಣೆಯೆಲ್ಲ ಮುಗಿದುಹೋಗುತ್ತಿತ್ತು. ಗಡಿಕಲ್ಲಿನ ಈಚೆಗೆ ಇದ್ದದ್ದು ಊರು, ಹೊಲ, ಗೋಮಾಳ, ಮತ್ತು ಬಂಡೆ.

ಆ ಬಂಡೆಗೆ ಬೆಲೆಯಿದೆ. ಚಾಮರಾಜನಗರದ ಕರಿಕಲ್ಲನ್ನು ಹೊಳಪಿಗೆ ಹಾಕಿದರೆ ಕನ್ನಡಿಯಂತೆ ಮಿಂಚುತ್ತದೆ. ಸ್ಮಾರಕಗಳಿಗೆ, ಸಮಾಧಿಗಳಿಗೆಂದು ಅದು ಹಡಗೇರಿ ಪರದೇಶಕ್ಕೆ ಹೋಗುತ್ತದೆ. ನೂರಾರು ಕೋಟಿ ವರ್ಷಗಳ ಹಿಂದೆ ಹಳೆಯ ಶಿಲೆಯ ಬಿರುಕುಗಳಲ್ಲಿ ಕೆಳಗಿನಿಂದ ಶಿಲಾರಸ ನುಗ್ಗಿ, ಅಲ್ಲೇ ತಣಿದು ಗಟ್ಟಿಯಾದ ಕಲ್ಲು ಅದು. ಹೀಗಾಗಿ ಅದು ಗುಡ್ಡವಾಗಿ ಸಿಗುವುದಿಲ್ಲ. ಉದ್ದಕ್ಕೆ ಓಡುವ ಕಿರಿದಾದ ಪಟ್ಟಿಯಾಗಿ ಸಿಗುತ್ತದೆ. ಕ್ವಾರಿಯೂ ಹಾಗೆಯೇ, ಕಂದಕದಂತೆ ಇಳಿಯುತ್ತಾ ಹೋಗುತ್ತದೆ. ಸಾಲಾಗಿ ತೂತು ಕೊರೆದು ಕಲ್ಲನ್ನು ಬಿಡಿಸುತ್ತಾರೆ. ಒಂದು ಕೂದಲೆಳೆಯಷ್ಟು ಸೀಳು ಕಂಡರೂ ಆ ದಿಮ್ಮಿಯನ್ನು ಕೊಳ್ಳುವವರಿಲ್ಲ, ಅದನ್ನು ಪಕ್ಕಕ್ಕೆ ಉರುಳಿಸುತ್ತಾರೆ. ಕೊಂಡೊಯ್ದ ಕಲ್ಲಿಗಿಂತ ಬಿಟ್ಟುಹೋದ ಕಲ್ಲೇ ಹೆಚ್ಚು. ಮಾರಾಟವಾಗದ ಆ ರಾಶಿ ಕ್ವಾರಿಯ ಅಂಚಿಗೇ ಇನ್ನೊಂದು ಗುಡ್ಡವಾಗಿ ಬೆಳೆಯುತ್ತದೆ. ಇದೇ ಸೀಮೆಯ ಬಿಳಿಕಲ್ಲಿನದು ಬೇರೆ ದಾರಿ. ಅದು ಸಿಡಿಮದ್ದಿನಲ್ಲಿ ಒಡೆದು, ಕ್ರಷರಿಗೆ ಹೋಗಿ, ಜಲ್ಲಿಯಾಗಿ ಟಿಪ್ಪರ್ ಹತ್ತುತ್ತದೆ. ಅದರ ಧೂಳು ಅರಿಸಿನದ ಎಲೆಯ ಮೇಲೆ ಕೂರುತ್ತದೆ.

ಈ ಕ್ವಾರಿಗಳನ್ನು ಹತೋಟಿಯಲ್ಲಿಡಲು ಕಾನೂನು ಇಲ್ಲದೆ ಇರಲಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಸೆಕ್ಷನ್ ಕಟ್ಟಡ ಕಲ್ಲಿನಂಥ ಉಪಖನಿಜಗಳನ್ನು ರಾಜ್ಯಗಳ ಕೈಗೆ ಕೊಟ್ಟಿತು, ಕರ್ನಾಟಕ 1994ರಲ್ಲಿ ತನ್ನ ನಿಯಮಾವಳಿ ಮಾಡಿಕೊಂಡಿತು. ಗುತ್ತಿಗೆ ಯಾರಿಗೆ, ಎಷ್ಟು ಎಕರೆ, ಎಷ್ಟು ವರ್ಷ, ರಾಜಧನ ಎಷ್ಟು ಎಂದು ಆ ನಿಯಮಗಳು ಕೇಳುತ್ತವೆ. ಒಂದೊಂದು ಅರ್ಜಿಗೂ ಒಂದೊಂದು ಕಡತ, ಒಂದೊಂದು ಸರ್ವೆ ನಂಬರು, ಒಂದೊಂದು ಎನ್‌ಒಸಿ. ಇಡೀ ಸೀಮೆಯನ್ನು ಒಟ್ಟಿಗೆ ಕಣ್ಣಮುಂದೆ ಹರಡಿಕೊಂಡು, ಇಲ್ಲಿ ಕಲ್ಲು ತೆಗೆಯಬಹುದೇ, ಅಲ್ಲಿ ಬೇಡವೇ ಎಂದು ಮೊದಲೇ ನಿರ್ಧರಿಸುವ ಕೆಲಸ ಯಾವ ಕಡತದಲ್ಲೂ ಇರಲಿಲ್ಲ. ಆನೆ ಒಂದು ಸರ್ವೆ ನಂಬರಿನಲ್ಲಿ ವಾಸ ಮಾಡುವ ಪ್ರಾಣಿಯಲ್ಲವಲ್ಲ.

‘ಎಲ್ಲಿ’ ಎಂಬ ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದ್ದು ಇಲ್ಲಿಂದ ಬಲು ದೂರದ ಡೆಹ್ರಾಡೂನ್ ಕಣಿವೆ. ಮಸ್ಸೂರಿಯ ಬೆಟ್ಟಗಳಲ್ಲಿ ಸುಣ್ಣಕಲ್ಲಿನ ಗಣಿಗಳು ನೀರಿನ ಸೆಲೆಗಳನ್ನೇ ಕೆಡಿಸುತ್ತಿವೆ ಎಂದು 1983ರಲ್ಲಿ ಒಂದು ಸಂಘಟನೆ ಸುಪ್ರೀಂ ಕೋರ್ಟಿಗೆ ಪತ್ರ ಬರೆಯಿತು. ಕೋರ್ಟು ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡು, 1985ರಲ್ಲಿ ಹಲವು ಗಣಿಗಳನ್ನು ಮುಚ್ಚಿಸಿತು. ಭೋಪಾಲ್ ದುರಂತದ ಬೆನ್ನಿಗೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಇಂಥ ಪ್ರದೇಶದಲ್ಲಿ ಇಂಥ ಚಟುವಟಿಕೆ ಕೂಡದು ಎಂದು ಹೇಳುವ ಅಧಿಕಾರ ಅದರ 3ನೇ ಸೆಕ್ಷನ್ನಿನ ಒಂದು ಉಪವಾಕ್ಯದಲ್ಲಿತ್ತು. ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತೆ ಕಾಣುವ ಆ ವಾಕ್ಯವನ್ನು 1989ರ ಫೆಬ್ರವರಿ 1ರಂದು ಡೂನ್ ಕಣಿವೆಗೇ ಹಚ್ಚಿದರು. ಒಂದು ಭೂದೃಶ್ಯಕ್ಕೆ ಬೇಲಿ ಹಾಕಲು ಆ ವಾಕ್ಯ ಸಾಕು ಎಂಬುದು ಹೀಗೆ ಬಳಸಿ ಗೊತ್ತಾದ ಸಂಗತಿ. ನನ್ನ ಪಾಲಿಗೆ ನಿಜವಾದ ಆವಿಷ್ಕಾರ ಇದೇ.

ಎರಡನೆಯ ಎಳೆ ಬಂಡೀಪುರದ ಪಕ್ಕದ್ದೇ. ಗುಂಡ್ಲುಪೇಟೆಯಿಂದ ಮುದುಮಲೆ ದಾಟಿದರೆ ಗೂಡಲೂರು. ಅಲ್ಲಿನ ಕಾಡಿನಲ್ಲಿ ಮರ ಕಡಿಯುವುದರ ವಿರುದ್ಧ ನಿಲಂಬೂರಿನ ಟಿ.ಎನ್. ಗೋದಾವರ್ಮನ್ ತಿರುಮುಲ್‌ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಒಂದು ಅರ್ಜಿ ದೇಶದ ಕಾಡುಗಳದ್ದೆಲ್ಲ ಮೊಕದ್ದಮೆಯಾಗಿ ಬೆಳೆಯಿತು, ಅರ್ಜಿದಾರರು 2016ರಲ್ಲಿ ತೀರಿಕೊಂಡ ಮೇಲೂ ಅವರ ಹೆಸರಿನಲ್ಲೇ ನಡೆದಿದೆ. ಅಭಯಾರಣ್ಯಗಳ ಸುತ್ತ ಒಂದು ಕಿಲೋಮೀಟರಿನೊಳಗೆ ಗಣಿಗಾರಿಕೆ ಬೇಡವೆಂಬ ನಿಲುವು ಬಂದದ್ದು ಅದರಿಂದಲೇ. 2023ರ ಏಪ್ರಿಲ್ 26ರಂದು ಕೋರ್ಟು ಅಭಯಾರಣ್ಯಗಳ ಸುತ್ತಲಿನ ವಲಯದ ಬಗೆಗಿನ ತನ್ನದೇ ಹಿಂದಿನ ವರ್ಷದ ಆದೇಶವನ್ನು ಸಡಿಲಿಸಿದಾಗಲೂ ಗಣಿಗಳ ಮೇಲಿನ ಈ ನಿಷೇಧವನ್ನು ಹಾಗೇ ಉಳಿಸಿಕೊಂಡಿತು.

ಈ ಮೊಕದ್ದಮೆ ನಡೆಯುತ್ತಿದ್ದಾಗಲೇ, 2002ರ ಜನವರಿಯಲ್ಲಿ ವನ್ಯಜೀವಿ ಮಂಡಳಿ ಪ್ರತಿ ಅಭಯಾರಣ್ಯದ ಸುತ್ತ ಹತ್ತು ಕಿಲೋಮೀಟರು ಕಾಯಬೇಕೆಂದಿತು. ರಾಜ್ಯಗಳು ಹೌಹಾರಿದವು. 2005ರಲ್ಲಿ ಆಯಾ ಸ್ಥಳಕ್ಕೆ ತಕ್ಕಂತೆ ಗೆರೆ ಎಳೆಯಿರಿ ಎಂದಾಯಿತು, 2011ರಲ್ಲಿ ಮಾರ್ಗಸೂಚಿ ಬಂತು. ಬಂಡೀಪುರದ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ಹೊರಬಿದ್ದದ್ದು 2012ರ ಅಕ್ಟೋಬರ್ 4ರಂದು, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಒಳಗೊಂಡು. ರಾಜ್ಯದಲ್ಲಿ ಮೊದಮೊದಲು ಹೀಗೆ ಗೆರೆ ಎಳೆಸಿಕೊಂಡ ಕಾಡುಗಳಲ್ಲಿ ಇದೂ ಒಂದು.

ಹಳ್ಳಿಗಳಲ್ಲಿ ಭಯ ಹಬ್ಬಿತು. ಬೇಸಾಯ ನಿಲ್ಲುತ್ತದಂತೆ, ಮನೆ ಕಟ್ಟುವಂತಿಲ್ಲವಂತೆ ಎಂಬ ಮಾತು. ಕಾಗದ ಓದಿದರೆ ಬೇಸಾಯಕ್ಕೆ ನಿಷೇಧವಿಲ್ಲ. ನಿಷೇಧ ಇರುವುದು ವಾಣಿಜ್ಯ ಗಣಿಗಾರಿಕೆಗೆ, ಕಲ್ಲು ಕ್ವಾರಿಗೆ, ಕ್ರಷರಿಗೆ. ಊರವನು ತನ್ನ ಮನೆ ಕೆಲಸಕ್ಕೆ ಕಲ್ಲು, ಮಣ್ಣು ತೆಗೆದುಕೊಳ್ಳಲು ಅವಕಾಶವಿದೆ. ಈ ಒಂದು ವಿನಾಯಿತಿಯನ್ನು ಆಗಲೇ ಊರೂರಿನಲ್ಲಿ ಕನ್ನಡದಲ್ಲಿ ಓದಿ ಹೇಳಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

ಕಾಡಂಚಿಗೆ ಈ ಗೆರೆ ಏಕೆ ಬೇಕು ಎಂದರೆ, ಆನೆ ನೆಲದ ಕಂಪನವನ್ನು ಕಾಲಿನಿಂದಲೇ ಗ್ರಹಿಸುತ್ತದೆ. ಸಿಡಿಮದ್ದಿನ ಅದುರು ಅದಕ್ಕೆ ನಮಗಿಂತ ಮೊದಲು ಮುಟ್ಟುತ್ತದೆ. ಮಂಗಲ, ಕಣಿಯನಪುರದ ಕಡೆ ಊರುಗಳ ನಡುವೆಯೇ ಮೋಯಾರ್ ನದಿಯತ್ತ ಸಾಗುವ ಆನೆದಾರಿಯಿದೆ. ಅಂಥ ಕಡೆ ದಾರಿ ತಪ್ಪಿದ ಹಿಂಡು ರೈತನ ಹೊಲಕ್ಕೇ ಇಳಿಯುತ್ತದೆ, ನಷ್ಟ ಬೀಳುವುದು ಅವನ ತಲೆಗೇ.

ಗೆರೆ ಎಲ್ಲವನ್ನೂ ಕಾಯುವುದಿಲ್ಲ. 2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿಯಿತು. ಟಿಪ್ಪರ್‌ಗಳು ಬಂಡೆಯಡಿ ಹೂತವು, ದುಡಿಯಲು ಬಂದ ಕಾರ್ಮಿಕರು ಜೀವ ಬಿಟ್ಟರು. ಕಲ್ಲನ್ನು ಗೋಡೆಯಂತೆ ನೇರಕ್ಕೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು ಎಂಬುದು ಗಣಿ ಸುರಕ್ಷತೆಯ ಹಳೆಯ ನಿಯಮ. ‘ಎಲ್ಲಿ’ ಎಂದು ಕೇಳುವ ಕಾನೂನು ಸಿಕ್ಕಿದೆ. ‘ಹೇಗೆ’ ಎಂಬುದನ್ನು ಕಾನೂನು ಕೇಳಿದರೂ, ದಿನಾ ಕ್ವಾರಿಯ ಅಂಚಿಗೆ ಹೋಗಿ ನೋಡುವವರು ಬೇಕು. ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿ ಗುತ್ತಿಗೆಯಿದೆ, ಅದು ಯಾವಾಗ ಮುಗಿಯುತ್ತದೆ, ಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ಕ್ವಾರಿಯಿಂದ ಟಿಪ್ಪರ್ ಹೊರಟದ್ದು ಮೊದಲು ಕಣ್ಣಿಗೆ ಬೀಳುವುದು ಆ ಊರಿನವರಿಗೇ.