ಶಿಲುಬೆ, ಸಾಲ ಮತ್ತು ಕಾನ್‌ಸ್ಟಾಂಟಿನೋಪಲ್: ಕ್ರುಸೇಡ್‌ಗಳ ಚರಿತ್ರೆಗೊಂದು ಪ್ರವೇಶ

ಕ್ರುಸೇಡ್‌ಗಳನ್ನು ಪರಿಚಯಿಸ್ಲಿಕ್ಕೆ ನಾನು ಒಂದು ಪದದಿಂದ ಹೊರಡ್ತೇನೆ. ಕನ್ನಡ ಪಠ್ಯಗಳಲ್ಲಿ ಇವನ್ನು ‘ಧರ್ಮಯುದ್ಧಗಳು’ ಅಂತ ಕರೀತಾರೆ. ಕಾಸರಗೋಡಿನ ನಮಗೆ ಮಲಯಾಳದ ಪದವೂ ಕಿವಿಗೆ ಬೀಳ್ತದೆ: ‘ಕುರಿಶುಯುದ್ಧ’, ಅಂದರೆ ಶಿಲುಬೆಯ ಯುದ್ಧ. ‘ಧರ್ಮಯುದ್ಧ’ ಅಂದ ಕೂಡಲೇ ನಿಯಮಕ್ಕೆ ಕಟ್ಟುಬಿದ್ದ ನ್ಯಾಯದ ಕಾಳಗ ನಮ್ಮ ಮನಸ್ಸಿಗೆ ಬರ್ತದೆ. ಯುದ್ಧ ನ್ಯಾಯವೋ ಅಂತ ಕೇಳುವ ಮೊದಲೇ ಪದವೇ ಉತ್ತರ ಕೊಟ್ಟುಬಿಡ್ತದೆ. ಮಲಯಾಳದ ಪದ ಅಷ್ಟು ದೂರ ಹೋಗುವುದಿಲ್ಲ. ಹೊರಟವರು ಬಟ್ಟೆಯ ಮೇಲೆ ಶಿಲುಬೆ ಹೊಲಿಸಿಕೊಂಡಿದ್ದರು; ಅದನ್ನಷ್ಟೇ ಅದು ನೆನಪಿಸ್ತದೆ.

1095ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್ ಸಭೆಯಲ್ಲಿ ಪೋಪ್ ಎರಡನೆಯ ಅರ್ಬನ್ ಕರೆ ಕೊಟ್ಟರು. 1099ರಲ್ಲಿ ಜೆರುಸಲೇಮ್ ಅವರ ಸೇನೆಯ ವಶವಾಯಿತು. ಊರಿನ ಮುಸ್ಲಿಮರ, ಯಹೂದಿಗಳ ಕೊಲೆಯೂ ನಡೆಯಿತು. ಇಷ್ಟು ಓದಿದರೆ ‘ಎರಡು ಧರ್ಮಗಳ ಜಗಳ’ ಅಂತ ಬರೆದು ಮುಗಿಸಬಹುದು. ಆದರೆ ನಾಲ್ಕನೆಯ ಕ್ರುಸೇಡ್ ಆ ಉತ್ತರಕ್ಕೆ ಒಗ್ಗುವುದಿಲ್ಲ.

1201ರಲ್ಲಿ ಕ್ರುಸೇಡ್ ನಾಯಕರ ದೂತರು ವೆನಿಸ್ ಜೊತೆ ಒಪ್ಪಂದ ಮಾಡಿಕೊಂಡರು. 33,500 ಮಂದಿಗೆ ಹಡಗು ಮತ್ತು ಆಹಾರ, ಪ್ರತಿಯಾಗಿ 85,000 ಮಾರ್ಕ್ ಬೆಳ್ಳಿ. ಮರುವರ್ಷ ವೆನಿಸ್‌ಗೆ ಬಂದು ಸೇರಿದವರು ಅದರ ಸುಮಾರು ಮೂರನೇ ಒಂದು ಪಾಲು. ಹಡಗುಗಳು ಮಾತ್ರ ಪೂರ್ತಿ ತಯಾರಿದ್ದವು. ಸುಮಾರು 34,000 ಮಾರ್ಕ್ ಬಾಕಿ ಉಳಿಯಿತು. ಸಾಲ ತೀರಿಸ್ಲಿಕ್ಕೆ ಸಮಯ ಬೇಕಾದರೆ ಜಾರಾ ನಗರವನ್ನು ಗೆದ್ದುಕೊಡಿ ಅಂತ ವೆನಿಸ್ ಹೇಳಿತು. ಜಾರಾ ಕ್ರೈಸ್ತರದ್ದೇ ಊರು. ಪೋಪ್ ಮೂರನೆಯ ಇನ್ನೊಸೆಂಟ್ ಬೇಡವೆಂದರೂ 1202ರ ನವೆಂಬರಿನಲ್ಲಿ ಅದು ಬಿತ್ತು.

ಆಮೇಲೆ ಬೈಜಾಂಟಿಯಮ್ಮಿನ ರಾಜಕುಮಾರ ಅಲೆಕ್ಸಿಯಸ್, ತನ್ನ ತಂದೆಗೆ ಸಿಂಹಾಸನ ಮರಳಿ ಕೊಡಿಸಿದರೆ 2,00,000 ಮಾರ್ಕ್ ಕೊಡುತ್ತೇನೆಂದ. ಸಿಂಹಾಸನ ಸಿಕ್ಕಿತು, ಪೂರ್ತಿ ಹಣ ಬರಲಿಲ್ಲ. 1204ರ ಏಪ್ರಿಲಿನಲ್ಲಿ ಶಿಲುಬೆ ಧರಿಸಿದ ಸೇನೆ ಕಾನ್‌ಸ್ಟಾಂಟಿನೋಪಲನ್ನೇ ಸೂರೆ ಮಾಡಿತು. ಅಲ್ಲಿಂದ ಒಯ್ದ ಕಂಚಿನ ನಾಲ್ಕು ಕುದುರೆಗಳು ಈಗಲೂ ವೆನಿಸ್‌ನಲ್ಲಿವೆ.

ಹಾಗಾದರೆ ಧರ್ಮ ಬರೀ ನೆಪವೋ? ಆ ಉತ್ತರವೂ ಅವಸರದ್ದು. ಸೈಮನ್ ದ ಮಾಂಟ್‌ಫರ್ಟ್ ಮತ್ತು ಅವನ ಜೊತೆಗಾರರು, ಕ್ರೈಸ್ತರ ಮೇಲೆ ಆಯುಧ ಎತ್ತುವುದಿಲ್ಲ ಅಂತ ಈ ಸೇನೆಯನ್ನೇ ಬಿಟ್ಟು ಹೋದರು. ಹೊತ್ತ ಹರಕೆ ಒಂದೇ ಆದರೂ ಅದರ ಅರ್ಥ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಈ ಘಟನೆಯನ್ನು ಬರೆದವರನ್ನೂ ಪಕ್ಕಪಕ್ಕ ಇಟ್ಟು ಓದ್ಬೇಕು. ವಿಲ್ಲೆಹಾರ್ದುಯೆನ್ ವೆನಿಸ್ ಒಪ್ಪಂದ ಮಾಡಿದ ದೂತರಲ್ಲೊಬ್ಬ. ರಾಬರ್ಟ್ ದ ಕ್ಲಾರಿ ಸಾಮಾನ್ಯ ಯೋಧ. ನಿಕೆಟಾಸ್ ಕೋನಿಯಾಟಿಸ್ ಮನೆ ಕಳಕೊಂಡು ಊರು ಬಿಟ್ಟ ಬೈಜಾಂಟಿಯಮ್ಮಿನ ಅಧಿಕಾರಿ. ಮಾತು ಕೊಟ್ಟವರು ಯಾರು, ಬೆಲೆ ತೆತ್ತವರು ಯಾರು, ಬರೆದಿಟ್ಟವರು ಯಾರು? ಯಾವ ಕ್ರುಸೇಡನ್ನು ಓದ್ಲಿಕ್ಕೆ ಹೊರಟರೂ ಮೊದಲು ಈ ಮೂರನ್ನು ಕೇಳಿಕೊಳ್ಳೋಣ. ‘ಧರ್ಮಯುದ್ಧ’ ಅನ್ನಬೇಕೋ ಬೇಡವೋ ಅಂತ ಆಮೇಲೆ ಚರ್ಚಿಸಬಹುದು.