ಬರಹಕ್ಕೂ ಹೆಸರು ಚೀಟಿ

ವಿಮಾನ ದುರಸ್ತಿ ಮಾಡುವವರು ಕೈಪಿಡಿ ನೋಡಿಯೇ ಕೆಲಸ ಮಾಡಬೇಕು. ಅದರಲ್ಲಿ ಸಾವಿರಾರು ಪುಟಗಳಿರುತ್ತವೆ. ಒಂದು ಎಚ್ಚರಿಕೆ ಬಿಟ್ಟುಹೋದರೂ ಅಪಾಯ! ಕಂಪ್ಯೂಟರ್ ಇದನ್ನು ಪರೀಕ್ಷಿಸಬಲ್ಲದೇ?

ದಪ್ಪ ಅಕ್ಷರದ ಸಾಲು ಶೀರ್ಷಿಕೆಯೋ ಎಚ್ಚರಿಕೆಯೋ ಎಂದು ಓದಿದರೆ ನಮಗೆ ತಿಳಿಯುತ್ತದೆ. ಕಂಪ್ಯೂಟರಿಗೆ ಅದನ್ನು ಗುರುತು ಹಾಕಿ ತಿಳಿಸಬೇಕು. ಅಡುಗೆಮನೆಯ ಡಬ್ಬಿಗೆ ಚೀಟಿ ಅಂಟಿಸುವಂತೆ, ಬರಹದ ಪ್ರತಿ ಭಾಗಕ್ಕೂ ಹೀಗೆ ಹೆಸರು ಕೊಡುತ್ತಾರೆ:

<ಎಚ್ಚರಿಕೆ>ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ.</ಎಚ್ಚರಿಕೆ>
<ಹಂತ>ನಂತರ ಮುಚ್ಚಳ ಬಿಚ್ಚಿರಿ.</ಹಂತ>

1969ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಇಂತಹ ವಿಧಾನವೊಂದನ್ನು ರೂಪಿಸಿದರು. ಅದರ ಹೆಸರು 'ಜಿಎಂಎಲ್'. ಮೂವರ ಹೆಸರಿನ ಮೊದಲಕ್ಷರಗಳೂ ಅದರಲ್ಲಿವೆ! ಅದರಿಂದ ಬೆಳೆದು 1998ರಲ್ಲಿ ಬಂದ 'ಎಕ್ಸ್‌ಎಂಎಲ್'ನಲ್ಲಿ ಗುರುತುಗಳನ್ನು ಕನ್ನಡದಲ್ಲೂ ಬರೆಯಬಹುದು.

ಇದರಿಂದ ಏನು ಲಾಭ? ಎಚ್ಚರಿಕೆಗಳನ್ನೆಲ್ಲ ಒಂದೇ ಆಜ್ಞೆಯಿಂದ ಕೆಂಪಾಗಿಸಬಹುದು. ಅದೇ ಬರಹವನ್ನು ಪುಸ್ತಕಕ್ಕೂ ಪರದೆಗೂ ಬಳಸಬಹುದು. ಇರಲೇಬೇಕಾದ ಎಚ್ಚರಿಕೆ ಇಲ್ಲದಿದ್ದರೆ ಕಂಪ್ಯೂಟರ್ ತೋರಿಸಿಕೊಡುತ್ತದೆ. ಆದರೆ ಎಚ್ಚರಿಕೆಯ ಮಾತು ಸರಿಯೇ ಎಂಬುದನ್ನು ಮನುಷ್ಯರೇ ನೋಡಬೇಕು. ಸಕ್ಕರೆ ಡಬ್ಬಿಯಲ್ಲಿ ಉಪ್ಪಿದ್ದರೆ ಚೀಟಿಗೇನು ಗೊತ್ತು?

ಗುರುತು ಹಾಕಲು ಸಮಯ ಬೇಕು, ಎಲ್ಲರೂ ನಿಯಮ ಕಲಿಯಬೇಕು. ಆದ್ದರಿಂದ ಒಂದು ಪುಟದ ಸೂಚನೆಗೆ ಈ ಶ್ರಮ ವ್ಯರ್ಥ. ಹಲವರು ಸೇರಿ ಬರೆಯುವ, ಪದೇ ಪದೇ ತಿದ್ದುವ, ವರ್ಷಗಟ್ಟಲೆ ಬಳಸುವ ದೊಡ್ಡ ಕೈಪಿಡಿಗೆ ಮಾತ್ರ ಇದು ಸಾರ್ಥಕ.

ಮಾಡಿ ನೋಡಿ: ನಿಮ್ಮ ವಿಜ್ಞಾನ ಪುಸ್ತಕದ ಒಂದು ಪ್ರಯೋಗವನ್ನು ಬರೆದುಕೊಂಡು ಸಾಮಗ್ರಿ, ಎಚ್ಚರಿಕೆ, ಹಂತ ಎಂದು ಗುರುತು ಹಾಕಿ. ಯಾವುದಾದರೂ ಎಚ್ಚರಿಕೆ ಬಿಟ್ಟುಹೋಗಿದೆಯೇ?