ರೋಗಕ್ಕಿಟ್ಟ ಹೆಸರು

ಹೊಟ್ಟೆನೋವು ಬಂದರೆ ಒಬ್ಬರು ಉಷ್ಣವೆನ್ನುತ್ತಾರೆ, ಒಬ್ಬರು ದೃಷ್ಟಿಯೆನ್ನುತ್ತಾರೆ, ಮತ್ತೊಬ್ಬರು ಹುಣ್ಣೆನ್ನುತ್ತಾರೆ. ಯಾವ ಹೆಸರನ್ನು ಹಿಡಿದರೋ ಆ ದಾರಿಯಲ್ಲಿಯೇ ಮದ್ದನ್ನು ಅರಸುತ್ತಾರೆ. ಕನ್ನಡ ಪಾಠ ಹೇಳುತ್ತ ಆಯುಷ್ಯ ಕಳೆದ ನನಗೆ ವೈದ್ಯಶಾಸ್ತ್ರದಲ್ಲಿ ಅಧಿಕಾರವಿಲ್ಲ. ಶಬ್ದಗಳ ಬಾಗಿಲಿನಿಂದ ಎರಡು ರೋಗಗಳನ್ನು ನೋಡುವುದಷ್ಟೇ ಇಲ್ಲಿ ನನ್ನ ಉದ್ದೇಶ.

ಮೊದಲನೆಯದು ಸಿಡುಬು. ನಮ್ಮ ಜನ ಅದನ್ನು ರೋಗವೆಂದು ಕರೆದದ್ದು ಕಡಿಮೆ. ‘ಅಮ್ಮ ಬಂದಿದ್ದಾಳೆ’ ಎಂದರು. ಬಂದವಳು ದೇವಿಯಾದ ಮೇಲೆ ಬೈಯುವಂತಿಲ್ಲ, ಓಡಿಸುವಂತಿಲ್ಲ, ಉಪಚರಿಸಿಯೇ ಬೀಳ್ಕೊಡಬೇಕು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆಯ ಘಾಟನ್ನು ನಿಲ್ಲಿಸಿದರು, ಹೊರಗಿನವರು ಒಳಗೆ ಬಾರದಂತೆ ನೋಡಿಕೊಂಡರು. ಈ ಮಡಿಯಲ್ಲಿ ವೈದ್ಯರು ಹೇಳುವ ಪ್ರತ್ಯೇಕವಾಸದ ಅಂಶವೂ ಸೇರಿತ್ತು. ಆದರೆ ಲಸಿಕೆ ಹಾಕುವವರು ಬಂದಾಗ, ಅಮ್ಮ ಮುನಿದಾಳೆಂದು ಮಕ್ಕಳನ್ನು ಅಡಗಿಸಿಟ್ಟದ್ದೂ ಅದೇ ಭಕ್ತಿಯೇ. ಭಾಷೆ ಇದಕ್ಕೂ ಒಂದು ಉಪಾಯ ಕಂಡುಕೊಂಡಿತು. ಲಸಿಕೆಗೆ ‘ದೇವಿ ಹಾಕುವುದು’, ‘ಮೈಲಿ ಹಾಕುವುದು’ ಎಂದು ರೋಗದ ಹೆಸರನ್ನೇ ಕೊಟ್ಟು, ಹೊಸದನ್ನು ಹಳೆಯ ಮನೆಯೊಳಕ್ಕೆ ಸೇರಿಸಿಕೊಂಡಿತು. ನನ್ನ ಓರಗೆಯವರ ತೋಳಿನ ಮೇಲೆ ಆ ಗುರುತು ಇನ್ನೂ ಇದೆ. 1975ರಲ್ಲಿ ಭಾರತದಲ್ಲಿ ಸಿಡುಬು ಕೊನೆಯ ಬಾರಿ ಕಾಣಿಸಿಕೊಂಡಿತು; 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಎರಡನೆಯದು ಕುಷ್ಠ. ಇದಕ್ಕೆ ದೊರೆತ ಹೆಸರು ಅಮ್ಮನದಲ್ಲ, ಪಾಪದ್ದು. ಪೂರ್ವಜನ್ಮದ ಕರ್ಮವೆಂದೋ ಶಾಪವೆಂದೋ ಬಗೆದು ರೋಗಿಯನ್ನು ಊರ ಹೊರಗೆ ಇಟ್ಟರು. ವಿಚಿತ್ರವನ್ನು ಗಮನಿಸಬೇಕು. ಉಸಿರಿನಿಂದಲೇ ಹರಡಿ ಊರೂರನ್ನು ಕೊಲ್ಲುತ್ತಿದ್ದ ಸಿಡುಬಿನವನಿಗೆ ಮನೆಯೊಳಗೆ ಹಾಸಿಗೆಯಿತ್ತು. ಸುಲಭವಾಗಿ ಅಂಟದ ಕುಷ್ಠದವನಿಗೆ ಮನೆಯೇ ಇಲ್ಲವಾಯಿತು. ನಮ್ಮ ಭಯವು ಅಳೆದದ್ದು ಸೋಂಕಿನ ಬಲವನ್ನಲ್ಲ, ಹೆಸರಿನ ಅರ್ಥವನ್ನು.

ಈ ಅರ್ಥವು ಮನಸ್ಸಿನಲ್ಲಿಯೇ ಉಳಿಯುವುದಿಲ್ಲ, ದೇಹಕ್ಕೂ ಇಳಿಯುತ್ತದೆ. ಮೈಮೇಲೆ ಸ್ಪರ್ಶವರಿಯದ ಮಚ್ಚೆಯೊಂದು ಕಾಣುತ್ತದೆ. ಮಗಳ ಮದುವೆ ನಿಂತೀತೆಂದು ಅದನ್ನು ಸೆರಗಿನಲ್ಲಿ ಮರೆಸುತ್ತಾರೆ. ವರ್ಷಗಳು ಕಳೆಯುವಷ್ಟರಲ್ಲಿ ನರಗಳು ಕೆಟ್ಟು, ಒಲೆಯ ಮೇಲಿನ ಪಾತ್ರೆ ಸುಟ್ಟರೂ ಕೈಗೆ ತಿಳಿಯದು. ಗಾಯ ಹುಣ್ಣಾಗಿ ಬೆರಳು ಮೊಂಡಾಗುತ್ತದೆ. ಆ ಮೊಂಡು ಬೆರಳನ್ನು ತೋರಿಸಿ ಜನ ‘ನೋಡಿ, ಪಾಪದ ಫಲ’ ಎನ್ನುತ್ತಾರೆ. ಮುಚ್ಚಿಟ್ಟದ್ದರ ಫಲವದು. ನಂಬಿಕೆಯು ತನಗೆ ಬೇಕಾದ ಸಾಕ್ಷಿಯನ್ನು ತಾನೇ ಸೃಷ್ಟಿಸಿಕೊಂಡ ಪರಿ ಇದು.

ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡಿದ್ದ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. 6ರಿಂದ 12 ತಿಂಗಳಲ್ಲಿ ರೋಗ ವಾಸಿಯಾಗುತ್ತದೆ. ಆದರೂ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪಿದ್ದ ಮಾತು ನಮ್ಮ ವಿವಾಹ ಕಾಯಿದೆಗಳಿಂದ ಹೊರಬೀಳಲು 2019ನೆಯ ಇಸವಿ ಬರಬೇಕಾಯಿತು. ಔಷಧಿಗಿಂತ ಹೆಸರಿಗೆ ಆಯುಷ್ಯ ಹೆಚ್ಚು.

ಸಾಹಿತ್ಯಾಸಕ್ತರಲ್ಲಿ ನನ್ನದೊಂದು ವಿನಂತಿ. ಲಂಚವನ್ನೋ ಜಾತಿದ್ವೇಷವನ್ನೋ ‘ಸಮಾಜಕ್ಕೆ ಅಂಟಿದ ಕುಷ್ಠ’ ಎಂದು ಬರೆಯುವುದು ನಮ್ಮಲ್ಲಿ ವಾಡಿಕೆ. ಆ ಸಾಲನ್ನು ಓದುವವರಲ್ಲಿ, ಮೊನ್ನೆಯಷ್ಟೇ ತನ್ನ ತೋಳಿನ ಮೇಲೆ ಮಚ್ಚೆ ಕಂಡವಳೊಬ್ಬಳು ಇರಬಹುದು. ಆಸ್ಪತ್ರೆಗೆ ಹೋಗಲೋ ಬೇಡವೋ ಎಂದು ಅವಳು ಅನುಮಾನಿಸುತ್ತಿರುವಾಗ ನಮ್ಮ ಉಪಮಾನವು ಅವಳ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆಯದಿರಲಿ.